ಯಾವ ಕೈಗೆ ಹಾಕಲಿ? – ಕೋಲಾರದ ಒಂದು ಪುಟ್ಟ ಕ್ಲಿನಿಕ್ ಬಗ್ಗೆ

ಕೋಲಾರದ ಡೂಂಲೈಟ್ ಸರ್ಕಲ್‌ನಿಂದ ನಡೆದುಕೊಂಡೇ ಹೋಗಬಹುದಾದ ಒಂದು ಕ್ಲಿನಿಕ್ ಬಗ್ಗೆ, ಅಲ್ಲಿ ಫ್ಲೂ ಸೂಜಿ ಹಾಕುವ ರೀತಿಯ ಬಗ್ಗೆ ಇದು. ಹೆಸರು ಬರೆಯುವುದಿಲ್ಲ. ಬರೀತೀನಿ ಅಂದಾಗ ಅಲ್ಲಿನ ಡಾಕ್ಟರಮ್ಮನೇ ಬೇಡ ಅಂದರು. "ಈಗಲೇ ಮುಗಿಸೋ ಹೊತ್ತಿಗೆ ರಾತ್ರಿ ಎಂಟೂವರೆ ಆಗುತ್ತೆ, ನೀವು ಇನ್ನೊಂದು ಬಸ್ ಜನಾನ ತಂದು ಇಳಿಸಬೇಡಿ" ಅಂತ ನಕ್ಕರು. ಸರಿ, ಹೆಸರಿಲ್ಲದೆಯೇ ಬರೆಯುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಯಾಕೆ ಹೋಯಿತು ಅಂತ ಆಮೇಲೆ.

ನಾನು ಬಸ್ ಕಂಡಕ್ಟರ್. 22 ವರ್ಷ ಸರ್ವೀಸು. ಜಾಸ್ತಿ ಓಡಾಡಿರುವುದು ಕೋಲಾರ–ಬೆಂಗಳೂರು ರೂಟಿನಲ್ಲಿ, ನಡುವೆ ಎರಡು ವರ್ಷ ಶ್ರೀನಿವಾಸಪುರದ ಕಡೆ. ಒಂಬತ್ತು ವರ್ಷದಿಂದ ಶುಗರ್ ಇದೆ. ಮನೆಯಲ್ಲಿ ಅಮ್ಮ ಇದ್ದಾರೆ, 74 ವರ್ಷ. ಅವರಿಗೆ ದಮ್ಮು. ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿ ಪಕ್ಕದಲ್ಲೇ ಪಂಪನ್ನೂ ಇಟ್ಟುಕೊಂಡಿರುತ್ತಾರೆ.

ಹೋದ ವರ್ಷ ಆಗಸ್ಟ್‌ನಲ್ಲಿ ನಡೆದದ್ದನ್ನು ಹೇಳದಿದ್ದರೆ ಈ ರಿವ್ಯೂ ಅರ್ಥವಾಗುವುದಿಲ್ಲ. ಬೆಳಗಿನ ಟ್ರಿಪ್ಪು. ನರಸಾಪುರದ ಫ್ಯಾಕ್ಟರಿಗಳಿಗೆ ಹೋಗುವ ಹುಡುಗರು, ಹುಡುಗಿಯರು ತುಂಬಿಕೊಂಡಿದ್ದರು. ಮಳೆ ಅಂತ ಒಂದು ಕಿಟಕಿಯೂ ತೆಗೆದಿರಲಿಲ್ಲ. ಯಾರು ಕೆಮ್ಮಿದರೋ, ಯಾರು ಸೀನಿದರೋ. ಎರಡು ದಿನ ಬಿಟ್ಟು ನನಗೆ ಜ್ವರ. ನೆಗಡಿ ಆದರೆ ಮೂಗು ಒರೆಸಿಕೊಂಡೇ ಡ್ಯೂಟಿ ಮಾಡಬಹುದು. ಈ ಫ್ಲೂನಲ್ಲಿ ಚೀಲ ಹೆಗಲಿಗೆ ಹಾಕುವುದಕ್ಕೂ ಆಗಲಿಲ್ಲ. ರಾತ್ರಿಯೆಲ್ಲ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ಮೈ ನೋವು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಐದು ದಿನದ ಆಂಟಿಬಯಾಟಿಕ್ ನುಂಗಿದೆ. ಫ್ಲೂ ಬರುವುದು ವೈರಸ್ಸಿನಿಂದ, ಆಂಟಿಬಯಾಟಿಕ್ ಅದಕ್ಕೆ ಏನೂ ಮಾಡುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ದುಡ್ಡೂ ಹೋಯಿತು, ಹೊಟ್ಟೆಯೂ ಕೆಟ್ಟಿತು.

ನಾಲ್ಕನೇ ದಿನಕ್ಕೆ ಅಮ್ಮನಿಗೆ ಹತ್ತಿಕೊಂಡಿತು. ಬಸ್ಸಿನಿಂದ ಮನೆಗೆ ನಾನೇ ತಂದದ್ದು, ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಪಂಪು ಹೊಡೆದರೂ ಉಸಿರು ಸಾಲದು. ಒಂದು ಆಸ್ಪತ್ರೆಯಲ್ಲಿ ಆರು ದಿನ ಇದ್ದೆವು, ಮೂರು ದಿನ ಆಕ್ಸಿಜನ್. ಫ್ಲೂಗೆ ಅಂತಲೇ ಒಸೆಲ್ಟಾಮಿವಿರ್ ಅನ್ನುವ ಮಾತ್ರೆ ಇದೆ. ಕಾಯಿಲೆ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಾವು ಕಷಾಯ, ಆವಿ ಅಂತ ಕಾಲ ಕಳೆದು ಹೋದದ್ದು ಮೂರನೇ ದಿನ. ಆದರೂ ಕೊಟ್ಟರು. ಬಿಲ್ಲು ಎಷ್ಟು ಅಂತ ಬರೆಯಲ್ಲ. ಮಗಳ ಕಾಲೇಜಿಗೆ ಅಂತ ಎತ್ತಿದ್ದ ಚೀಟಿ ದುಡ್ಡು ಪೂರ್ತಿ ಅಲ್ಲೇ ಇಳಿಯಿತು.

ಡಿಸ್ಚಾರ್ಜ್ ದಿನ ಅಲ್ಲಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬರೆಯುತ್ತಾ ಬರೆಯುತ್ತಾ, ತಲೆ ಎತ್ತದೆ, "ಬೇಕಾದ್ರೆ ಫ್ಲೂ ವ್ಯಾಕ್ಸಿನ್ ಹಾಕಿಸಿ, ಆಪ್ಷನಲ್ಲು" ಅಂದರು. ಗೋಡೆಯ ಮೇಲೆ ಅದರದ್ದೇ ಪೋಸ್ಟರ್ ಇತ್ತು. ಪೂರ್ತಿ ಇಂಗ್ಲಿಷು. ಯಾವುದೋ ಫಾರಿನ್ ಅಜ್ಜ ಅಜ್ಜಿ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ನಾನು "ಆಯ್ತು ಸಾರ್" ಅಂದೆ. ಅಮ್ಮ "ಏನಂದ್ರಪ್ಪ?" ಅಂತ ಕೇಳಿದರು. "ಯಾವುದೋ ಸೂಜಿಯಂತೆ, ಬೇಕಾದ್ರೆ ಅಂತೆ" ಅಂದೆ. ಅಲ್ಲಿಗೆ ಮುಗೀತು. ಬೇಕಾದ್ರೆ ಅಂದರೆ ನಮ್ಮ ಕಡೆ ಬೇಡ ಅಂತಲೇ ಅರ್ಥ.

ಈ ಕ್ಲಿನಿಕ್ಕಿಗೆ ಬರೋಕೆ ಶುರು ಮಾಡಿದ್ದು ಈ ವರ್ಷ. ಮೇ ತಿಂಗಳ ಮೂರನೇ ವಾರ ಶುಗರ್ ರಿಪೋರ್ಟ್ ತೋರಿಸೋಕೆ ಹೋಗಿದ್ದೆ. ಡಾಕ್ಟರಮ್ಮನ ರೂಮಿಗೆ ಹೋಗುವ ಮೊದಲು ಒಬ್ಬರು ಸಿಸ್ಟರ್ ತೂಕ ನೋಡುತ್ತಾರೆ, ಬಿಪಿ ನೋಡುತ್ತಾರೆ, ಫೈಲು ತಿರುವಿ ಹಾಕುತ್ತಾರೆ. ಐವತ್ತರ ಆಸುಪಾಸಿನವರು, ಕನ್ನಡಕ ಮೂಗಿನ ತುದಿಯಲ್ಲಿ. ಬಿಪಿ ಪಟ್ಟಿ ಬಿಚ್ಚುತ್ತಾ ಅಂದರು: "ಅಣ್ಣ, ನಿಮಗೆ ಶುಗರ್ ಇದೆ, ಕೆಲಸ ಬಸ್ಸಲ್ಲಿ. ಮುಂದಿನ ತಿಂಗಳು ಮಳೆ ಹಿಡ್ಕೊಳ್ಳುತ್ತೆ. ಇವತ್ತು ಫ್ಲೂ ಸೂಜಿ ಹಾಕಿಬಿಡ್ತೀನಿ. ಯಾವ ಕೈಗೆ ಹಾಕಲಿ?"

ನನಗೆ ನಗು ಬಂತು. ಇದು ನಮ್ಮ ವಿದ್ಯೆ!

ಯಾವ ಕಂಡಕ್ಟರಾದರೂ "ಟಿಕೆಟ್ ತಗೊಳ್ತೀರಾ?" ಅಂತ ಕೇಳಿದ್ದನ್ನು ನೋಡಿದ್ದೀರಾ? ಕೇಳಲ್ಲ. "ಎಲ್ಲಿಗೆ?" ಅಂತೀವಿ. ಇದನ್ನು ಯಾರೂ ಕಲಿಸಲಿಲ್ಲ, ಮೊದಲ ತಿಂಗಳಲ್ಲೇ ಬಾಯಿಗೆ ಹತ್ತಿತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಓಡಾಟ ಫ್ರೀ ಆಯಿತು. ಆಗಲೂ ನಾನು "ಫ್ರೀ ಟಿಕೆಟ್ ಬೇಕೇನಮ್ಮ?" ಅಂತ ಕೇಳಲಿಲ್ಲ. "ಎಲ್ಲಿಗಮ್ಮ? ಆಧಾರ್ ತೋರಿಸಿ" ಅಷ್ಟೇ. "ಬೇಕಾ" ಅಂದ ಕೂಡಲೇ ಎದುರಿನವರು ಲೆಕ್ಕ ಹಾಕೋಕೆ ಶುರು ಮಾಡುತ್ತಾರೆ. ಮೊದಲು ಖರ್ಚು ನೆನಪಾಗುತ್ತದೆ, ಆಮೇಲೆ ನೋವು, ಆಮೇಲೆ ಪಕ್ಕದ ಮನೆಯವರು ಹೇಳಿದ ಕತೆ. "ಎಲ್ಲಿಗೆ" ಅಂದರೆ ಊರಿನ ಹೆಸರು ಬಾಯಿಗೆ ಬರುತ್ತದೆ. ಸಿಸ್ಟರ್ ಕೇಳಿದ್ದಕ್ಕೆ ನಾನು ಆಗಲೇ ಎಡಗೈ ಚಾಚಿ, ತೋಳು ಮಡಚುತ್ತಾ ಇದ್ದೆ ನೋಡಿ.

ಆಮೇಲೆ ಡಾಕ್ಟರಮ್ಮನ ಹತ್ತಿರ ಈ ಮಾತು ಬಂತು. ಅವರು ಹೇಳಿದ್ದು: ಅಮೆರಿಕದಲ್ಲಿ ಮಕ್ಕಳ ಡಾಕ್ಟರುಗಳು ಅಪ್ಪ ಅಮ್ಮಂದಿರ ಜೊತೆ ಮಾತಾಡುವುದನ್ನು ವಿಡಿಯೋ ಮಾಡಿ ನೋಡಿದ್ದಾರಂತೆ. 2013ರಲ್ಲಿ ಅದು ಪ್ರಕಟವಾಯಿತು. "ಲಸಿಕೆ ವಿಷಯ ಏನು ಮಾಡೋಣ ಅಂತೀರಿ?" ಅಂತ ಶುರು ಮಾಡಿದ ಕಡೆ ಜಾಸ್ತಿ ಜನ ಹಿಂದೆ ಸರಿದರು, "ಇವತ್ತು ಇಷ್ಟು ಲಸಿಕೆ ಹಾಕಬೇಕು" ಅಂತ ಶುರು ಮಾಡಿದ ಕಡೆ ಕಮ್ಮಿ. ಒಂದು ಡಿಪೋಗೆ ಬಂದು ಕೇಳಿದ್ದರೆ ನಾವೇ ಹೇಳುತ್ತಿದ್ದೆವು ಅಂದೆ.

ಆದರೆ ಇಷ್ಟೇ ಆಗಿದ್ದರೆ ನಾನು ನಾಲ್ಕು ಸ್ಟಾರ್ ಕೊಡುತ್ತಿರಲಿಲ್ಲ. ಜನರನ್ನು ಒಳಗೆ ತಳ್ಳಿ ರೈಟ್ ಹೇಳುವುದು ಯಾರಿಗೂ ಬರುತ್ತದೆ. ತೋಳು ಮಡಚುತ್ತಿದ್ದವನು ನಾನೇ ತಡೆದು, "ಸ್ವಲ್ಪ ಇರಿ ಸಿಸ್ಟರ್, ನಮ್ಮ ಡಿಪೋದಲ್ಲಿ ಒಬ್ಬನಿಗೆ ಈ ಸೂಜಿ ಹಾಕಿಸಿದ ಮೇಲೇನೇ ಜ್ವರ ಬಂತು" ಅಂದೆ. ಸಾಮಾನ್ಯವಾಗಿ ಇಂಥ ಮಾತಿಗೆ ಆಸ್ಪತ್ರೆಯವರು "ಹಾಗೆಲ್ಲ ಏನೂ ಆಗಲ್ಲ ರೀ" ಅಂತ ಗದರುತ್ತಾರೆ. ಇವರು ಸಿರಿಂಜ್ ಪಕ್ಕಕ್ಕೆ ಇಟ್ಟು ಸ್ಟೂಲ್ ಎಳೆದುಕೊಂಡು ಕೂತರು. "ಹೌದಾ? ಎಷ್ಟು ದಿನಕ್ಕೆ ಬಂತು? ಎಷ್ಟು ದಿನ ಇತ್ತು?" ಅಂತ ಕೇಳಿದರು. ನಾಲ್ಕೋ ಐದೋ ದಿನಕ್ಕೆ ಬಂತು, ಕೆಮ್ಮು ನೆಗಡಿ ಎಲ್ಲ ಇತ್ತು ಅಂದೆ. "ನಂಗೆ ಗೊತ್ತಿರೋದು ಹೇಳ್ಲಾ?" ಅಂದರು. ಹೇಳ್ಲಾ ಅಂತ ಕೇಳಿ ಹೇಳಿದವರನ್ನು ಆಸ್ಪತ್ರೆಯಲ್ಲಿ ನಾನು ನೋಡಿದ್ದು ಇದೇ ಮೊದಲು.

ಅವರು ಹೇಳಿದ್ದು ಇಷ್ಟು. ಈ ಸೂಜಿಯಲ್ಲಿ ಜೀವ ಇರುವ ವೈರಸ್ ಇಲ್ಲ. ಸತ್ತದ್ದು, ಚೂರು ಮಾಡಿದ್ದು. ಅದರಿಂದ ಫ್ಲೂ ಬರೋಕೆ ಸಾಧ್ಯವಿಲ್ಲ. ತೋಳು ನೋಯಬಹುದು. ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಮೈಕೈ ನೋವು ಬರಬಹುದು. ಇನ್ನೊಂದು ವಿಷಯ, ಸೂಜಿ ಹಾಕಿದ ಮೇಲೆ ಮೈಯಲ್ಲಿ ಶಕ್ತಿ ಬರೋಕೆ ಎರಡು ವಾರ ಬೇಕು. ಅಷ್ಟರೊಳಗೆ ಬಸ್ಸಲ್ಲಿ ಯಾರಿಂದಲೋ ಫ್ಲೂ ಹತ್ತಿರಬಹುದು, ಇಲ್ಲ ಫ್ಲೂ ಅಲ್ಲದ ಬೇರೆ ನೆಗಡಿ ವೈರಸ್ ಇರಬಹುದು. ಆ ಬೇರೆ ವೈರಸ್ಸುಗಳಿಗೆ ಈ ಸೂಜಿ ಕೆಲಸ ಮಾಡಲ್ಲ. "ಅದಕ್ಕೇ ಮಳೆ ಶುರುವಾಗೋಕೆ ಮುಂಚೆ ಹಿಡ್ಕೊಳ್ತೀನಿ ನಿಮ್ಮನ್ನೆಲ್ಲ. ಎಲ್ಲರೂ ಕೆಮ್ಮೋಕೆ ಶುರು ಮಾಡಿದ್ಮೇಲೆ ಬಂದ್ರೆ ಲೇಟು." ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ. ಜನವರಿಯಿಂದ ಮಾರ್ಚ್ ಒಂದು, ಮಳೆಗಾಲ ಮತ್ತು ಅದರ ಹಿಂದೆಯೇ ಇನ್ನೊಂದು.

ಡಾಕ್ಟರಮ್ಮನ ರೂಮಿನಲ್ಲಿ ನಾನು ಇನ್ನೂ ಎರಡು ಕೇಳಿದೆ. ಒಂದು, ಹಾಕಿಸಿದರೆ ಫ್ಲೂ ಬರೋದೇ ಇಲ್ವಾ? ಬರಲ್ಲ ಅಂತ ಹೇಳಿದ್ದರೆ ಬಹುಶಃ ಎದ್ದು ಬರುತ್ತಿದ್ದೆ. ಅವರು ಅಂದರು, "ಬರೋದೇ ಇಲ್ಲ ಅಂತ ಹೇಳಲ್ಲ. ಆ ವರ್ಷದ ವೈರಸ್ಸಿಗೂ ಸೂಜಿಗೂ ಚೆನ್ನಾಗಿ ಹೊಂದಿಕೆ ಆದ್ರೆ, ಡಾಕ್ಟರ ಹತ್ರ ಓಡೋಷ್ಟು ಫ್ಲೂ ಬರೋ ಸಾಧ್ಯತೆ 40ರಿಂದ 60 ಪರ್ಸೆಂಟ್ ಕಮ್ಮಿ ಆಗುತ್ತೆ. ಬಂದ್ರೂ ಆಸ್ಪತ್ರೆಗೆ ಸೇರಿಸೋ ಮಟ್ಟಕ್ಕೆ ಹೋಗೋದು ಕಮ್ಮಿ. ನನಗೆ ಬೇಕಾಗಿರೋದು ಅದು. ನಿಮ್ಮ ಅಮ್ಮ ಆಕ್ಸಿಜನ್ ಮೇಲೆ ಮಲಗಬಾರದು." ಬಸ್ ಎಷ್ಟು ಹೊತ್ತಿಗೆ ಬರುತ್ತೆ ಅಂತ ಕೇಳಿದವರಿಗೆ ಹತ್ತು ನಿಮಿಷ ಅಂತ ಸುಳ್ಳು ಹೇಳಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಹನ್ನೊಂದನೇ ನಿಮಿಷಕ್ಕೆ ಅವರು ಮತ್ತೆ ಯಾವತ್ತೂ ನಮ್ಮನ್ನು ನಂಬುವುದಿಲ್ಲ. ಮುಕ್ಕಾಲು ಗಂಟೆ ಆಗಬಹುದು ಅಂತ ನಿಜ ಹೇಳಿದರೆ ಬೈದುಕೊಂಡಾದರೂ ಕಾಯುತ್ತಾರೆ.

ಎರಡನೆಯದು, ಪ್ರತಿ ವರ್ಷ ಯಾಕೆ? ಟಿಟಿ ಹಾಗಲ್ಲವಲ್ಲ. ಕಬ್ಬಿಣ ತಾಗಿದರೆ ಸಾಕು, ಯಾರೂ ಹೇಳದೆಯೇ ಓಡಿ ಹೋಗಿ ಟಿಟಿ ಹಾಕಿಸಿಕೊಳ್ಳುವ ಜನ ನಾವು. ಫ್ಲೂ ವೈರಸ್ ತನ್ನ ವೇಷ ಬದಲಾಯಿಸುತ್ತಾ ಇರುತ್ತದೆ, ಸೂಜಿಯ ಶಕ್ತಿಯೂ ತಿಂಗಳು ಕಳೆದ ಹಾಗೆ ಇಳಿಯುತ್ತದೆ ಅಂದರು. ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲೊಮ್ಮೆ ಸೆಪ್ಟೆಂಬರ್‌ನಲ್ಲೊಮ್ಮೆ, ಮುಂದಿನ ಸೂಜಿಯಲ್ಲಿ ಯಾವ ಯಾವ ವೈರಸ್ ಇರಬೇಕು ಅಂತ ಹೇಳುತ್ತಾರಂತೆ. ಮಾಸಿಕ ಪಾಸು ರಿನ್ಯೂ ಮಾಡಿಸಿದ ಹಾಗೆ ಅಂತ ನಾನೇ ಅರ್ಥ ಮಾಡಿಕೊಂಡೆ. 2009ರಲ್ಲಿ ಹಂದಿ ಜ್ವರ ಅಂತ ಇಡೀ ಬಸ್ಸು ಕರ್ಚೀಫು ಕಟ್ಟಿಕೊಂಡು ಕೂತಿತ್ತಲ್ಲ, ಆ ಎಚ್1ಎನ್1 ಈಗ ಮಾಮೂಲಿ ಫ್ಲೂಗಳಲ್ಲಿ ಒಂದಾಗಿಬಿಟ್ಟಿದೆ. ಅದಕ್ಕೆ ಬೇರೆ ಸೂಜಿ ಇಲ್ಲ, ಇದರಲ್ಲೇ ಇದೆ. ಇನ್ನೊಂದು ಸ್ವಾರಸ್ಯದ ವಿಷಯ ಹೇಳಿದರು. ಬಿ ಯಮಗಾಟ ಅಂತ ಒಂದು ಫ್ಲೂ ಇತ್ತಂತೆ. ಕೊರೋನಾ ಶುರುವಾದಾಗ, 2020ರ ಮಾರ್ಚ್ ಆದಮೇಲೆ ಅದು ಪ್ರಪಂಚದಲ್ಲಿ ಎಲ್ಲೂ ಕಂಡೇ ಇಲ್ಲ. ಅದಕ್ಕೇ ನಾಲ್ಕು ವೈರಸ್ಸಿನ ಸೂಜಿಯನ್ನು ಈಗ ಮೂರಕ್ಕೆ ಇಳಿಸುತ್ತಿದ್ದಾರೆ. ಡಬ್ಬಿ ಮೇಲೆ ಮೂರು ಅಂತ ಬರೆದಿದ್ದರೆ ಹಳೇ ಮಾಲು ಅಂತ ಅನುಮಾನ ಪಡಬೇಡಿ.

ದುಡ್ಡಿನ ವಿಷಯ. ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಫ್ಲೂ ಇಲ್ಲ, ಕೈಯಿಂದಲೇ ಕೊಡಬೇಕು. ನಮಗೆ ಒಬ್ಬರಿಗೆ 1,650 ರೂಪಾಯಿ ಆಯಿತು. ನಮ್ಮಂಥವರಿಗೆ ಇದು ಚಿಕ್ಕ ದುಡ್ಡಲ್ಲ. ಮೆಚ್ಚಿದ್ದು ಏನೆಂದರೆ, ಇವರು ದುಡ್ಡಿನ ಮಾತನ್ನು ಮುಚ್ಚಿಡಲಿಲ್ಲ. ಡಬ್ಬಿ ಕೈಗೆ ಕೊಟ್ಟು ಎಂಆರ್‌ಪಿ, ಎಕ್ಸ್‌ಪೈರಿ ಡೇಟು ಎರಡನ್ನೂ ಓದಿಸಿದರು. ಚುಚ್ಚುವುದಕ್ಕೆ ಬೇರೆ ಚಾರ್ಜ್ ಇಲ್ಲ. "ಈ ತಿಂಗಳು ಒಬ್ಬರಿಗೇ ಆಗೋದಾದ್ರೆ ಅಮ್ಮನಿಗೆ ಮೊದಲು ಹಾಕ್ಸಿ, ನೀವು ಮುಂದಿನ ತಿಂಗಳು ಬನ್ನಿ" ಅಂತ ಡಾಕ್ಟರಮ್ಮನೇ ಹೇಳಿದರು. ಮನೆಗೆ ತರೋನು ನಾನು, ಮಲಗೋರು ಅಮ್ಮ. ಇಬ್ಬರಿಗೂ ಹಾಕಿಸೋಣ ಅಂತ ನಾನೇ ತೀರ್ಮಾನ ಮಾಡಿದೆ.

ಸೂಜಿ ರೂಮಿನಲ್ಲಿ ಒಂದು ಚಿಕ್ಕ ಫ್ರಿಜ್ ಇದೆ. ಅದರ ಬಾಗಿಲಿಗೆ ದಾರ ಕಟ್ಟಿದ ನೋಟ್‌ಬುಕ್. ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ಟೆಂಪರೇಚರ್ ಬರೆದು ಸಹಿ ಹಾಕುತ್ತಾರೆ. 2ರಿಂದ 8 ಡಿಗ್ರಿ ಒಳಗೆ ಇರಬೇಕು, ಹೆಪ್ಪುಗಟ್ಟಿದರೆ ಲಸಿಕೆ ಕೆಟ್ಟ ಹಾಗೆ. ಕರೆಂಟ್ ಹೋದ ದಿನ ಕೆಂಪು ಇಂಕಿನಲ್ಲಿ ಟೈಮು ಬರೆದಿದ್ದರು. ನಾವು ಟಿಕೆಟ್ ಲೆಕ್ಕ ಬರೆಯುವ ವೇ ಬಿಲ್ ನೋಡಿದ ಹಾಗೆ ಆಯಿತು. ಫ್ರಿಜ್ಜಿನ ಮೇಲೆ ಇನ್ನೊಂದು ಹಾಳೆ ಅಂಟಿಸಿದ್ದಾರೆ, ಅದನ್ನು ಯಾರೂ ಬೇಕು ಅಂತ ತೋರಿಸಲ್ಲ, ಕಣ್ಣಿಗೆ ಬೀಳುತ್ತದೆ. ಡಾಕ್ಟರಮ್ಮ, ಇಬ್ಬರು ಸಿಸ್ಟರ್, ಟೋಕನ್ ಕೊಡುವ ಹುಡುಗ, ಕಸ ಗುಡಿಸುವ ಅಕ್ಕ. ಐದೂ ಜನರ ಹೆಸರಿನ ಮುಂದೆ ಈ ವರ್ಷದ ಫ್ಲೂ ಸೂಜಿ ಹಾಕಿಸಿದ ತಾರೀಖು. ಕಸ ಗುಡಿಸುವ ಅಕ್ಕನದ್ದೇ ಮೊದಲನೇ ತಾರೀಖು.

ಜ್ವರ ಇದೆಯಾ, ಹಿಂದೆ ಯಾವುದಾದರೂ ಸೂಜಿಗೆ ಜೋರಾಗಿ ಅಲರ್ಜಿ ಆಗಿತ್ತಾ ಅಂತ ಕೇಳಿ, ಎಡ ತೋಳಿಗೆ ಹಾಕಿದರು. ಅರ್ಧ ಎಂಎಲ್. ಇರುವೆ ಕಚ್ಚಿದಷ್ಟು. ಆಮೇಲೆ ಕಾಲು ಗಂಟೆ ಹೊರಗೆ ಬೆಂಚಿನ ಮೇಲೆ ಕೂರಿಸುತ್ತಾರೆ, ಏನಾದರೂ ತೊಂದರೆ ಆದರೆ ಕಣ್ಣೆದುರಿಗೇ ಇರಲಿ ಅಂತ. ಆ ಕಾಲು ಗಂಟೆ ನಾನು ಸುಮ್ನೆ ಕೂರಲಿಲ್ಲ. ಜನರನ್ನು ನೋಡುವುದು 22 ವರ್ಷದ ಚಾಳಿ.

ಶ್ರೀನಿವಾಸಪುರದ ಕಡೆಯಿಂದ ಬಂದ ಬಸುರಿ ಹುಡುಗಿ, ಜೊತೆಗೆ ಅತ್ತೆ. ಹುಡುಗಿ ಒಂದು ಮಾತೂ ಆಡಲಿಲ್ಲ, ಎಲ್ಲಾ ಅತ್ತೆಯದ್ದೇ. ಬಸುರಿಗೆ ಸೂಜಿ ಏನೂ ಬೇಡ ಅಂತ ಅವರ ವಾದ. ಡಾಕ್ಟರಮ್ಮ ಹುಡುಗಿಯನ್ನು ಬಿಟ್ಟು ಅತ್ತೆಯ ಕಡೆಯೇ ತಿರುಗಿ, ತೆಲುಗಿನಲ್ಲಿ ಮಾತು ಶುರು ಮಾಡಿದರು. ಅಲ್ಲೇ ಅರ್ಧ ಗೆದ್ದರು ಅನ್ನಿ. ಹುಟ್ಟಿದ ಮಗುವಿಗೆ ಆರು ತಿಂಗಳಾಗುವವರೆಗೆ ಈ ಸೂಜಿ ಹಾಕುವ ಹಾಗಿಲ್ಲ. ಈಗ ತಾಯಿಗೆ ಹಾಕಿದರೆ ಆ ಶಕ್ತಿ ಮಗುವಿಗೂ ಹೋಗಿ ಮೊದಲ ತಿಂಗಳುಗಳಲ್ಲಿ ಕಾಯುತ್ತದೆ. "ನಿಮ್ಮ ಮೊಮ್ಮಗುಗೆ ನೀವು ಕೊಡೋ ಮೊದಲನೇ ಉಡುಗೊರೆ" ಅಂದರು. ಅತ್ತೆ ಸ್ವಲ್ಪ ಹೊತ್ತು ಸೊಸೆಯ ಹೊಟ್ಟೆ ನೋಡಿ, ತಾವೇ ಅವಳ ರವಿಕೆಯ ತೋಳು ಮೇಲಕ್ಕೆ ಸರಿಸಿದರು. ಜೊತೆಗೆ ನಾಲ್ಕು ವರ್ಷದ ದೊಡ್ಡ ಮೊಮ್ಮಗ ಬಂದಿದ್ದ. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ಹಾಕುವಾಗ ನಾಲ್ಕು ವಾರ ಬಿಟ್ಟು ಎರಡು ಡೋಸ್ ಬೇಕು. ಅದು ದುಬಾರಿ ಆಯಿತು ಅಂತ ಅವನದ್ದು ಮುಂದಕ್ಕೆ ಹಾಕಿದರು. ಡಾಕ್ಟರಮ್ಮ ಜಗ್ಗಾಡಲಿಲ್ಲ.

ಇನ್ನೊಬ್ಬರು ಟೊಮೆಟೊ ಮಂಡಿಯವರು. ಬಿಪಿ ಪೇಷಂಟು, ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡವರು. ಮಾತಲ್ಲೇ ಗೊತ್ತಾಗುತ್ತದೆ, ಹರಾಜಿನ ಗಂಟಲು. ಸಿಸ್ಟರ್ "ಯಾವ ಕೈಗೆ?" ಅಂದದ್ದಕ್ಕೆ "ಯಾವ ಕೈಗೂ ಬೇಡ" ಅಂದರು. ಯಾಕೆ ಅಂತ ಕೇಳಿದರು. ನಂಬಿಕೆ ಇಲ್ಲ ಅಂದರು. ಸರಿ ಅಂದು ಸಿಸ್ಟರ್ ಫೈಲಿನಲ್ಲಿ ಏನೋ ಬರೆದರು. ಒಳಗೆ ಡಾಕ್ಟರಮ್ಮನೂ ಒಂದು ಸಲ ಕೇಳಿದ್ದು ನನಗೆ ಕೇಳಿಸಿತು. ಅಲ್ಲೂ ಬೇಡ ಅಂದರು. "ಆಯ್ತು, ನಿಮ್ಮಿಷ್ಟ. ಹಾರ್ಟಿನವರಿಗೆ ಫ್ಲೂ ಬಂದ್ರೆ ಕಷ್ಟ ಜಾಸ್ತಿ ಅಂತ ನಾನು ಹೇಳಿರ್ತೀನಿ. ಮುಂದಿನ ತಿಂಗಳು ಬಂದಾಗ ಮತ್ತೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಅಂದರು. ಅಷ್ಟೇ. ಹೊರಗೆ ಬಂದ ಮಂಡಿಯವರು ನನ್ನ ಪಕ್ಕ ಚಪ್ಪಲಿ ಹಾಕಿಕೊಳ್ಳುತ್ತಾ, "ನೀವು ಹಾಕ್ಸಿದ್ರಾ? ನೋವಾಯ್ತಾ?" ಅಂತ ಮೆಲ್ಲಗೆ ಕೇಳಿದರು. ಬೇಡ ಅಂದವರು ನೋವಾಯ್ತಾ ಅಂತ ಯಾಕೆ ಕೇಳಬೇಕು?

ಇನ್ನು ಅಮ್ಮನ ಕತೆ. ಅವರು ಮನೆ ಬಿಟ್ಟು ಏಳಲೇ ಇಲ್ಲ. "ಕೊರೋನಾಗೆ ಮೂರು ಚುಚ್ಚಿದ್ದಾರೆ, ಇನ್ನೆಷ್ಟು?" ಅಂತ. ಕೊರೋನಾ ಬೇರೆ, ಫ್ಲೂ ಬೇರೆ ಅಂತ ನಾನು ಹೇಳಿದರೆ ಕೇಳುತ್ತಾರಾ? ಮಗನ ಮಾತು ಯಾವ ಅಮ್ಮ ಕೇಳಿದ್ದಾರೆ. ಸಿಸ್ಟರ್‌ಗೆ ಹೇಳಿದೆ. ಅವರು ಅಮ್ಮನಿಗೆ ಅಂತ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿದರು. ಒಂದು ನಿಮಿಷವೂ ಇಲ್ಲ. ಉಸಿರಾಟ ಹೇಗಿದೆ, ಪಂಪು ದಿನಕ್ಕೆ ಎಷ್ಟು ಸಲ ಬೇಕಾಗುತ್ತೆ ಅಂತ ಕೇಳಿ, ಕೊನೆಗೆ "ಹೋದ ವರ್ಷದ ಹಾಗೆ ಆಗೋದು ಬೇಡ ಅಮ್ಮ, ಸೋಮವಾರ ಬನ್ನಿ" ಅಂದಿದ್ದರು. ಅಮ್ಮ ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದರು.

ಆಮೇಲೆ ನಾನೇ ಕೆಡಿಸಿದೆ. ಎಲ್ಲೋ ಓದಿದ್ದನ್ನು ಬಾಯಿ ಬಿಟ್ಟೆ, ಈ ಲಸಿಕೆಯ ವೈರಸ್ಸನ್ನು ಕೋಳಿ ಮೊಟ್ಟೆಯಲ್ಲಿ ಬೆಳೆಸುತ್ತಾರಂತೆ ಅಂತ. ಅಮ್ಮ ಸೋಮವಾರ ಮೊಟ್ಟೆ ಇರಲಿ, ಈರುಳ್ಳಿಯನ್ನೂ ಮುಟ್ಟುವವರಲ್ಲ. ಫೋನ್ ಮಾಡಿದರೆ ಸಿಸ್ಟರ್ ಸುಳ್ಳು ಹೇಳಲಿಲ್ಲ. ಹೌದು, ಹೆಚ್ಚಿನವು ಹಾಗೇ, ಆಮೇಲೆ ವೈರಸ್ ಸಾಯಿಸಿ ಶುದ್ಧ ಮಾಡುತ್ತಾರೆ ಅಂದರು. "ಸೋಮವಾರ ಬೇಡ ಅಂದ್ರೆ ಬುಧವಾರ ಬನ್ನಿ, ಮೊಟ್ಟೆಗೂ ನಮಗೂ ಜಗಳ ಬೇಡ." ಅಮ್ಮನಿಗೆ ಅದು ಒಪ್ಪಿಗೆ ಆಯಿತು.

ಬುಧವಾರ ಸಂಜೆ ಆಟೋದಲ್ಲಿ ಕರೆದುಕೊಂಡು ಹೋದೆ. ಕೂತ ಮೇಲೂ ಅಮ್ಮ ಕೊನೇ ಅಸ್ತ್ರ ತೆಗೆದರು. "ಈಗ ನಾನು ಚೆನ್ನಾಗಿದ್ದೀನಲ್ಲಮ್ಮ, ಚೆನ್ನಾಗಿರೋರಿಗೆ ಯಾಕೆ ಸೂಜಿ?" ಸಿಸ್ಟರ್ ಹತ್ತಿಯಲ್ಲಿ ತೋಳು ಒರೆಸೋಕೆ ಹೋದವರು ನಿಂತರು. "ಕೋಲಾರಮ್ಮನ ಗುಡೀಲಿ ಚೇಳಮ್ಮನಿಗೆ ಕಾಣಿಕೆ ಹಾಕ್ತೀರಲ್ಲ, ಚೇಳು ಕಚ್ಚಿದ್ಮೇಲೆ ಹೋಗಿ ಹಾಕ್ತೀರಾ, ಕಚ್ಚದೇ ಇರ್ಲಿ ಅಂತ ಮುಂಚೆ ಹಾಕ್ತೀರಾ?" ಹೊರಗಿನ ಊರಿನವರಿಗೆ ಗೊತ್ತಿಲ್ಲದಿರಬಹುದು, ನಮ್ಮ ಕೋಲಾರಮ್ಮನ ದೇವಸ್ಥಾನದಲ್ಲಿ ಚೇಳಮ್ಮ ಅಂತ ದೇವತೆ ಇದ್ದಾಳೆ. ಅಲ್ಲಿನ ಹುಂಡಿಗೆ ಕಾಣಿಕೆ ಹಾಕಿದರೆ ಚೇಳಿನ ಕಾಟ ಇರುವುದಿಲ್ಲ ಅಂತ ನಂಬಿಕೆ. ಅಮ್ಮ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಎಲೆಅಡಿಕೆ ಬಾಯಲ್ಲಿ ಒಂದು ಪಕ್ಕಕ್ಕೆ ಒತ್ತರಿಸಿ, "ಮುದ್ದೆ ತಿರುವೋ ಕೈ ಬಿಟ್ಟು ಇನ್ನೊಂದಕ್ಕೆ ಹಾಕು" ಅಂದರು.

ಈಗ ಆ ಒಂದು ಸ್ಟಾರ್ ವಿಷಯ. ಕೂರುವುದಕ್ಕೆ ಜಾಗ ಸಾಲದು. ಒಂದೇ ಬೆಂಚು. ಸೂಜಿ ಹಾಕಿಸಿಕೊಂಡು ಕಾಯುವವರು, ಜ್ವರ ಕೆಮ್ಮು ಅಂತ ಬಂದವರು ಎಲ್ಲ ಒಂದೇ ಕಡೆ. ಫ್ಲೂ ತಡೆಯುವ ಕ್ಲಿನಿಕ್ಕಿನಲ್ಲಿ ಇದು ಸರಿಯಾ? ಕೆಮ್ಮುವವರಿಗೆ ಹೊರಗೆ ಮೆಟ್ಟಿಲ ಹತ್ತಿರ ನಾಲ್ಕು ಕುರ್ಚಿ ಹಾಕಬಹುದು. ನಾನು ಹೇಳಿದ್ದೇನೆ, ಇನ್ನೂ ಹಾಕಿಲ್ಲ. ಸಂಜೆ ಐದರಿಂದ ಎಂಟು ಮಾತ್ರ, ಸೆಕೆಂಡ್ ಶಿಫ್ಟ್ ಇದ್ದವರಿಗೆ ಆಗಲ್ಲ. ಜುಲೈ ತಿಂಗಳಲ್ಲಿ ಎರಡು ವಾರ ಸ್ಟಾಕ್ ಇರಲಿಲ್ಲ. ನಾನೇ ಪುಸಲಾಯಿಸಿ ಕಳಿಸಿದ ಇಬ್ಬರು ವಾಪಸ್ ಬಂದು ನನಗೇ ಬೈದರು. ಹೀಗೆ ವಾಪಸ್ ಹೋದವರು ಮತ್ತೆ ಬರುವುದು ಕಷ್ಟ. ಖಾಲಿ ಆಗಿದ್ದರೆ ಹೆಸರು ನಂಬರ್ ಬರೆದುಕೊಂಡು ಬಂದಾಗ ಫೋನ್ ಮಾಡಬೇಕಿತ್ತು. ಈಗ ಬರೆದುಕೊಳ್ಳುತ್ತಾರೆ. ಮುಂದಿನ ವರ್ಷಕ್ಕೆ ಜ್ಞಾಪಿಸುವ ಎಸ್‌ಎಂಎಸ್ ಅಂತ ಒಂದು ಸ್ಯಾಂಪಲ್ ತೋರಿಸಿದರು, ಅದು ಇಂಗ್ಲಿಷಿನಲ್ಲಿ ಇದೆ. ಇಷ್ಟು ಚೆನ್ನಾಗಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುವವರು ಮೆಸೇಜನ್ನು ಮಾತ್ರ ಯಾಕೆ ಹೀಗೆ ಕಳಿಸಬೇಕು? ಆ ಸಿಸ್ಟರ್ ದನಿಯಲ್ಲೇ ಕಳಿಸಿ ಅಂತ ಹೇಳಿ ಬಂದಿದ್ದೇನೆ.

ಸೂಜಿ ಆದಮೇಲೆ ನನಗೆ ಒಂದು ದಿನ ತೋಳು ನೋವಿತ್ತು, ರಾತ್ರಿ ಸ್ವಲ್ಪ ಮೈ ಬೆಚ್ಚಗೆ. ಮರುದಿನ ಡ್ಯೂಟಿ ಮಾಡಿದೆ. ಅಮ್ಮನಿಗೆ ಏನೂ ಆಗಲಿಲ್ಲ. ಸೆಪ್ಟೆಂಬರ್‌ನಲ್ಲಿ ನನಗೆ ಎರಡು ದಿನ ನೆಗಡಿ ಬಂತು. ಫ್ಲೂ ಆಗಿತ್ತೋ ಮಾಮೂಲಿಯೋ ಪರೀಕ್ಷೆ ಮಾಡಿಸಲಿಲ್ಲ. ಅಮ್ಮ ಈ ಮಳೆಗಾಲ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ಇದು ಸೂಜಿಯಿಂದಲೇ ಅಂತ ಒಬ್ಬರ ಮನೆ ನೋಡಿ ಹೇಳೋಕೆ ಆಗಲ್ಲ ಅಂತ ಡಾಕ್ಟರಮ್ಮನೇ ಹೇಳಿದ್ದಾರೆ. ನಾನೂ ಹೇಳಲ್ಲ.

ಡಿಪೋದಲ್ಲಿ ಮೊದಮೊದಲು ಎಲ್ಲರಿಗೂ "ಹಾಕಿಸ್ಕೊಳ್ರೋ" ಅಂತ ಭಾಷಣ ಮಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನೆನಪಾಯಿತು, ನಾನೂ ಬೇಕಾ ಅಂತಲೇ ಕೇಳುತ್ತಿದ್ದೆ. ನನ್ನ ಜೊತೆ ಬರುವ ಡ್ರೈವರಿಗೆ 56 ವರ್ಷ, ಅವರಿಗೂ ಶುಗರ್. ಹೊಸಕೋಟೆ ಹತ್ತಿರ ಟೀ ಕುಡಿಯುವಾಗ "ನಿಮ್ಮ ವೀಕ್ಲಿ ಆಫ್ ಯಾವತ್ತು, ಗುರುವಾರನಾ ಶುಕ್ರವಾರನಾ?" ಅಂದೆ. ಶುಕ್ರವಾರ ಅಂದರು. "ಹಾಗಾದ್ರೆ ಗುರುವಾರ ಸಂಜೆ ಹೋಗೋಣ" ಅಂದೆ. ಎಲ್ಲಿಗೆ ಅಂತ ಕೇಳಿದರು. ಹೇಳಿದೆ. ಟೀ ಮುಗಿಯುವವರೆಗೂ ಏನೂ ಅನ್ನಲಿಲ್ಲ.

ಗುರುವಾರ ಬಂದರು. ಸಿಸ್ಟರ್ ಫೈಲು ತೆಗೆದು, ಎಲ್ಲ ಕೇಳಿ ಬರೆದುಕೊಂಡು, "ಯಾವ ಕೈಗೆ ಹಾಕಲಿ?" ಅಂದರು. ನಮ್ಮ ಡ್ರೈವರು ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು. "ಎಡಗೈ ಗೇರ್ ಹಾಕೋದು, ಬಲಗೈ ಸ್ಟೇರಿಂಗ್ ಹಿಡಿಯೋದು. ನೀವೇ ಹೇಳಿ ತಾಯಿ." ಸಿಸ್ಟರ್ ಕನ್ನಡಕದ ಮೇಲಿನಿಂದ ನೋಡಿದರು. "ನಾಳೆ ರಜ ಅಲ್ವಾ ನಿಮಗೆ? ಗೇರ್ ಕೈ ಕೊಡಿ."